ತನ್ನ ದಾರಿಗೆ ತಾನೇ ಬೇಲಿ ಹಾಕಿದ ಪಾರಿವಾಳ

ನಾಲಿಗೆಯ ಮೇಲೆ ಒಂದು ಗೇರುಬೀಜ ಇಟ್ಟುಕೊಂಡು, ಅಗಿಯದೆ, ನುಂಗದೆ, 80 ಸೆಕೆಂಡು ಸುಮ್ಮನೆ ಕೂತಿರಬೇಕು ಅಂದರೆ ನಮ್ಮಲ್ಲಿ ಎಷ್ಟು ಜನರಿಂದ ಆದೀತು? ಪುಟ್ಟ ಮಗುವಿನಿಂದಂತೂ ಆಗದ ಮಾತು. ಆದರೆ ಇಂಡೊನೇಷ್ಯದ ತನಿಂಬಾರ್ ದ್ವೀಪಗಳ ಒಂದು ಬಿಳಿ ಹಕ್ಕಿಯಿಂದ ಅದಕ್ಕೆ ಸಮನಾದದ್ದು ಆಗುತ್ತದೆ! ಗಿಣಿಯ ಬಳಗಕ್ಕೆ ಸೇರಿದ ಅದರ ಹೆಸರು ಗಾಫಿನ್ ಕಾಕಟೂ. ವಿಯೆನ್ನಾ ವಿಶ್ವವಿದ್ಯಾಲಯದ ಆಲಿಸ್ ಔವರ್ಸ್‌ಪರ್ಗ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗ ತೀರಾ ಸರಳ. ಹಕ್ಕಿಗೆ ಪೆಕಾನ್ ಬೀಜ ಕೊಡುತ್ತಾರೆ. ಅದಕ್ಕಿಂತ ಅದು ಹೆಚ್ಚು ಆಸೆಪಡುವ ಗೇರುಬೀಜವನ್ನು ಎದುರಿಗೆ ತೋರಿಸುತ್ತಾರೆ. ಪೆಕಾನನ್ನು ತಿನ್ನದೆ ವಾಪಸು ಕೊಟ್ಟರೆ ಗೇರುಬೀಜ ಸಿಗುತ್ತದೆ, ಆದರೆ ಈಗಲೇ ಅಲ್ಲ, ಸ್ವಲ್ಪ ಹೊತ್ತು ಬಿಟ್ಟು. ಅಷ್ಟು ಹೊತ್ತೂ ಪೆಕಾನನ್ನು ಹಿಡಿದುಕೊಂಡಿರಬೇಕಾದದ್ದು ಕೊಕ್ಕಿನಲ್ಲೇ, ನಾಲಿಗೆಗೆ ರುಚಿ ತಾಗುತ್ತಿರುವಾಗಲೇ! ಗಟ್ಟಿ ಬೀಜಗಳನ್ನು ಒಡೆದು ತಿನ್ನಲೆಂದೇ ರೂಪುಗೊಂಡ ಕೊಕ್ಕು ಅದು. ಆದರೂ ಅದು ಕಾಯುತ್ತದೆ, ಕೆಲವೊಮ್ಮೆ 80 ಸೆಕೆಂಡಿನವರೆಗೆ.

ಇನ್ನೊಂದು ಗಿಣಿ ಇದನ್ನೂ ಮೀರಿಸಿತು. ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ಅವರ ಪ್ರಯೋಗಾಲಯದ ಗ್ರಿಫಿನ್ ಎಂಬ ಆಫ್ರಿಕದ ಬೂದು ಗಿಣಿಗೆ ‘ತಡೆ’ ಎಂಬರ್ಥದ ಮಾತು ತಿಳಿಯುತ್ತಿತ್ತು. ಸಾಧಾರಣ ತಿಂಡಿಯ ಬಟ್ಟಲನ್ನು ಎದುರಿಗಿಟ್ಟು, ತಡೆದರೆ ಇದಕ್ಕಿಂತ ಒಳ್ಳೆಯದು ಕೊಡುತ್ತೇನೆಂದು ಹೇಳಿ ಅದನ್ನು ಪರೀಕ್ಷಿಸಿದರು. 2015ರಲ್ಲಿ ಹೊರಬಂದ ಫಲಿತಾಂಶ ಓದಿದಾಗ ನಾನು ಅಂಕಿಗಳನ್ನು ಮತ್ತೆ ಮತ್ತೆ ನೋಡಿದೆ. ಕಾಯಬೇಕಾದ ಹೊತ್ತು 15 ನಿಮಿಷದವರೆಗೆ ಹೋದರೂ, ಒಟ್ಟು ಸರದಿಗಳಲ್ಲಿ ಶೇ. 90ರಷ್ಟನ್ನು ಗ್ರಿಫಿನ್ ಗೆದ್ದಿತ್ತು. ಆ ಹೊತ್ತಿನಲ್ಲಿ ಅದು ಏನು ಮಾಡುತ್ತಿತ್ತು ಎನ್ನುವುದು ಅದಕ್ಕಿಂತ ಸ್ವಾರಸ್ಯ. ಗರಿ ತೀಡಿಕೊಳ್ಳುತ್ತಿತ್ತು, ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿತ್ತು, ಒಮ್ಮೊಮ್ಮೆ ತಿಂಡಿಯ ಬಟ್ಟಲನ್ನೇ ದೂರ ಎಸೆದುಬಿಡುತ್ತಿತ್ತು.

ಇದನ್ನು ಓದುವಾಗ ಸ್ಟ್ಯಾನ್‌ಫರ್ಡ್‌ನ ಬಿಂಗ್ ಶಿಶುವಿಹಾರದ ಮಕ್ಕಳು ನೆನಪಾಗದೆ ಇರುವುದಿಲ್ಲ. 1960ರ ದಶಕದ ಕೊನೆಯಲ್ಲಿ ವಾಲ್ಟರ್ ಮಿಶೆಲ್ ಅಲ್ಲಿ ಮಾರ್ಷ್‌ಮ್ಯಾಲೋ ಪ್ರಯೋಗ ಶುರುಮಾಡಿದರು. ಈಗ ಒಂದು ಮಿಠಾಯಿ ತಿನ್ನಬಹುದು, ನಾನು ಹಿಂದಿರುಗುವವರೆಗೆ ತಡೆದರೆ ಎರಡು. ತಡೆದ ಮಕ್ಕಳು ಹಲ್ಲು ಕಚ್ಚಿ ಮಿಠಾಯಿಯನ್ನೇ ದಿಟ್ಟಿಸುತ್ತ ಕೂತವರಲ್ಲ. ಕಣ್ಣು ಮುಚ್ಚಿಕೊಂಡರು, ಮುಖ ಆಚೆ ತಿರುಗಿಸಿದರು, ತಮ್ಮಷ್ಟಕ್ಕೆ ಹಾಡು ಹೇಳಿಕೊಂಡರು. ಮನುಷ್ಯನ ಮತ್ತು ಗಿಣಿಯ ವಂಶಗಳು ಕವಲೊಡೆದು 30 ಕೋಟಿ ವರ್ಷಗಳೇ ಕಳೆದಿವೆ. ಇಬ್ಬರೂ ಬೇರೆಬೇರೆ ದಾರಿಯಲ್ಲಿ ಬಂದು ಒಂದೇ ಉಪಾಯಕ್ಕೆ ತಲುಪಿದ್ದಾರೆ!

ಸರಿ, ಗಿಣಿ ಬುದ್ಧಿವಂತ ಹಕ್ಕಿ, ಗುಂಪಿನಲ್ಲಿ ಬಾಳುತ್ತದೆ, ದೀರ್ಘಾಯುಷಿ ಎಂದು ಒಪ್ಪಿಕೊಳ್ಳೋಣ. ಈಗ ಸಮುದ್ರಕ್ಕೆ ಇಳಿಯೋಣ. ಕಟ್ಲ್‌ಫಿಶ್ ನಮ್ಮ ಕರಾವಳಿಯವರು ಬಲ್ಲ ಬೊಂಡಾಸಿನ ಹತ್ತಿರದ ಬಂಧು, ಮೂಳೆಯಿಲ್ಲದ ಮೈ, ಬಾಯಿಯ ಸುತ್ತ ತೋಳುಗಳು. ಆಯಸ್ಸು ಹೆಚ್ಚೆಂದರೆ ಎರಡು ವರ್ಷದ ಆಸುಪಾಸು. ಸಂಸಾರವಿಲ್ಲ, ನಾಳೆಗೆಂದು ಕೂಡಿಡುವ ಅಭ್ಯಾಸವಿಲ್ಲ, ಸಲಕರಣೆ ಬಳಸುವುದಿಲ್ಲ. ನಮ್ಮಿಂದ ಅದರ ವಂಶ ಬೇರೆಯಾಗಿ 50 ಕೋಟಿ ವರ್ಷಗಳಿಗೂ ಹೆಚ್ಚಾಯಿತು. ಅಮೆರಿಕದ ವುಡ್ಸ್ ಹೋಲ್‌ನಲ್ಲಿರುವ ಕಡಲಜೀವಿ ಪ್ರಯೋಗಾಲಯದಲ್ಲಿ ಅಲೆಕ್ಸಾಂಡ್ರಾ ಶ್ನೆಲ್ ಇಂಥ ಆರು ಕಟ್ಲ್‌ಫಿಶ್‌ಗಳ ಮುಂದೆ ಎರಡು ಪಾರದರ್ಶಕ ಕೋಣೆಗಳನ್ನಿಟ್ಟರು. ಒಂದರ ಬಾಗಿಲು ಕೂಡಲೇ ತೆರೆಯುತ್ತದೆ, ಒಳಗೆ ಅಷ್ಟೇನೂ ಇಷ್ಟವಿಲ್ಲದ ಸಿಗಡಿಯ ತುಂಡು. ಇನ್ನೊಂದರೊಳಗೆ ಜೀವಂತ ಹುಲ್ಲುಸಿಗಡಿ, ಅದರ ಪಾಲಿನ ಮೃಷ್ಟಾನ್ನ. ಆ ಬಾಗಿಲು ಮಾತ್ರ ತಡವಾಗಿ ತೆರೆಯುತ್ತದೆ. ಯಾವ ಬಾಗಿಲು ಹೇಗೆ ಎನ್ನುವುದನ್ನು ಬಾಗಿಲ ಮೇಲಿನ ಚಿಹ್ನೆಗಳಿಂದ ಅವು ಮೊದಲೇ ಕಲಿತಿದ್ದವು. ಒಂದರತ್ತ ಹೋದರೆ ಇನ್ನೊಂದು ಕೈತಪ್ಪಿತು.

ಆರೂ ಕಾದವು. 50 ಸೆಕೆಂಡಿನಿಂದ ಹಿಡಿದು 130 ಸೆಕೆಂಡಿನವರೆಗೆ! ಕೆಲವು ಕಟ್ಲ್‌ಫಿಶ್‌ಗಳು ಎದುರಿಗಿದ್ದ ಸಾಧಾರಣ ತುಂಡಿನಿಂದ ಮೈಯನ್ನೇ ಆಚೆ ತಿರುಗಿಸಿಕೊಂಡವು, ಶಿಶುವಿಹಾರದ ಮಕ್ಕಳ ಹಾಗೇ. ಜೀವಂತ ಸಿಗಡಿಯ ಬಾಗಿಲು ಎಂದೂ ತೆರೆಯುವುದಿಲ್ಲ ಎಂಬ ಚಿಹ್ನೆ ಇದ್ದಾಗ ಅವು ಕಾಯುವ ಗೋಜಿಗೇ ಹೋಗಲಿಲ್ಲ, ಸಿಕ್ಕಿದ್ದನ್ನು ತಿಂದವು. ಅಂದರೆ ಇದು ಮಂಕಾಗಿ ನಿಂತದ್ದಲ್ಲ, ಲೆಕ್ಕ ಹಾಕಿ ನಿಂತದ್ದು. 2021ರ ಆ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಹೆಚ್ಚು ಹೊತ್ತು ಕಾಯಬಲ್ಲವು ಹೊಸದನ್ನು ಕಲಿಯುವುದರಲ್ಲೂ ಮುಂದಿದ್ದವು. ಮೂಳೆಯಿಲ್ಲದ ಒಂಟಿ ಜೀವಿಗೆ ಈ ತಾಳ್ಮೆ ಎಲ್ಲಿಂದ ಬಂತು? ಸಂಶೋಧಕರ ಊಹೆ ಚೆನ್ನಾಗಿದೆ. ಕಟ್ಲ್‌ಫಿಶ್ ದಿನದ ಬಹುಪಾಲನ್ನು ಹಿನ್ನೆಲೆಯ ಬಣ್ಣದಲ್ಲಿ ಕರಗಿ, ಅಲ್ಲಾಡದೆ ಕಳೆಯುತ್ತದೆ. ಬೇಟೆಗೆ ಹೊರಟ ಕ್ಷಣ ಆ ಮರೆ ಹೋಗಿ ಶತ್ರುವಿನ ಕಣ್ಣಿಗೆ ಬೀಳುತ್ತದೆ. ಹೊರಡುವುದೇ ಆದರೆ ಒಳ್ಳೆಯ ಊಟಕ್ಕೇ ಹೊರಡಬೇಕು ಎನ್ನುವ ಲೆಕ್ಕ ಅಲ್ಲಿಂದ ಬಂದಿರಬಹುದು.

ತಾಳ್ಮೆಯನ್ನು ಹೊಟ್ಟೆಪಾಡು ರೂಪಿಸುತ್ತದೆ ಎನ್ನುವುದಕ್ಕೆ ದಕ್ಷಿಣ ಅಮೆರಿಕದ ಎರಡು ಪುಟಾಣಿ ಕೋತಿಗಳೂ ಸಾಕ್ಷಿ. ಟ್ಯಾಮರಿನ್ ಓಡುವ ಹುಳುಹುಪ್ಪಟೆಯ ಮೇಲೆ ಥಟ್ಟನೆ ಎರಗಬೇಕು. ಮಾರ್ಮೊಸೆಟ್ ಮರದ ತೊಗಟೆ ಕಚ್ಚಿ ಗಾಯ ಮಾಡಿ, ಗೋಂದು ಒಸರುವವರೆಗೆ ಕಾಯಬೇಕು. ಜೆಫ್ರಿ ಸ್ಟೀವನ್ಸ್ ಮತ್ತು ಸಂಗಡಿಗರು 2005ರಲ್ಲಿ ಇವೆರಡನ್ನೂ ಒಂದೇ ಪರೀಕ್ಷೆಗೆ ಒಡ್ಡಿದಾಗ, ದೊಡ್ಡ ತುತ್ತಿಗಾಗಿ ಟ್ಯಾಮರಿನ್ ಸರಾಸರಿ 8 ಸೆಕೆಂಡು ತಡೆಯಿತು, ಮಾರ್ಮೊಸೆಟ್ ಸುಮಾರು 14. ಮೈಗಾತ್ರದಲ್ಲಿ, ಬಾಳುವ ರೀತಿಯಲ್ಲಿ ಇವು ಹೆಚ್ಚುಕಡಿಮೆ ಒಂದೇ. ಗೋಂದು ಒಂದರ ತಾಳ್ಮೆಯನ್ನು ಹಿಗ್ಗಿಸಿದೆ! ದೊಡ್ಡ ಮಿದುಳೇ ಸಂಯಮದ ಗುಟ್ಟು ಎಂಬ ವಾದಕ್ಕೂ ಆಧಾರವಿದೆ. 2014ರಲ್ಲಿ 36 ಜಾತಿಯ 567 ಪ್ರಾಣಿಗಳನ್ನು ಪರೀಕ್ಷಿಸಿದ ಭಾರಿ ಅಧ್ಯಯನ ಅದನ್ನೇ ಹೇಳಿತು. ಆದರೆ ಎರಡೇ ವರ್ಷದಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ರೇವನ್ ಎಂಬ ದೊಡ್ಡ ಕಾಗೆಗಳು ಅದೇ ಅಧ್ಯಯನದ ಕೊಳವೆಯ ಪರೀಕ್ಷೆಯಲ್ಲಿ (ಪಾರದರ್ಶಕ ಕೊಳವೆಯೊಳಗಿನ ತಿಂಡಿಗೆ ನೇರವಾಗಿ ಹಾಯದೆ ಬದಿಯಿಂದ ತೆಗೆಯಬೇಕು) ಚಿಂಪಾಂಜಿಗಳ ಸರಿಸಮಕ್ಕೆ ನೂರಕ್ಕೆ ನೂರು ಪಡೆದವು. ಅವುಗಳ ಮಿದುಳು ಚಿಂಪಾಂಜಿಯ ಮಿದುಳಿನೆದುರು ಏನೇನೂ ಅಲ್ಲ.

ಇಷ್ಟೆಲ್ಲ ಓದುತ್ತ ಹೋದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಕಾಗೆಯಲ್ಲ, ಕಟ್ಲ್‌ಫಿಶ್ ಅಲ್ಲ, ಪಾರಿವಾಳ. ತಾಳ್ಮೆಯಲ್ಲಿ ಎಲ್ಲರಿಗಿಂತ ಹಿಂದಿರುವ ಪೈಕಿಯ ಪಾರಿವಾಳ!

1972. ನ್ಯೂಯಾರ್ಕ್ ರಾಜ್ಯದ ಸ್ಟೋನಿಬ್ರೂಕ್ ವಿಶ್ವವಿದ್ಯಾಲಯದಲ್ಲಿ ಹೊವರ್ಡ್ ರ‍್ಯಾಕ್ಲಿನ್ ಮತ್ತು ಲೆನರ್ಡ್ ಗ್ರೀನ್ ಪಾರಿವಾಳಗಳ ಎದುರು ಬಣ್ಣದ ದೀಪದ ಗುಂಡಿಗಳನ್ನಿಟ್ಟರು. ಒಂದನ್ನು ಕುಕ್ಕಿದರೆ 2 ಸೆಕೆಂಡು ಕಾಳು ತಿನ್ನಲು ಕೂಡಲೇ ಅವಕಾಶ. ಇನ್ನೊಂದನ್ನು ಕುಕ್ಕಿದರೆ 4 ಸೆಕೆಂಡು ಕಾಳು, ಆದರೆ 4 ಸೆಕೆಂಡು ಕಾದ ಮೇಲೆ. ಪಾರಿವಾಳಗಳು ಒಂದು ಸಲವೂ ಯೋಚಿಸಿದಂತೆ ಕಾಣಲಿಲ್ಲ. ಪ್ರತಿ ಸಲವೂ ಕೂಡಲೇ ಸಿಗುವ ಚಿಕ್ಕ ಪಾಲು. ಇಲ್ಲಿಗೇ ನಿಂತಿದ್ದರೆ ‘ಹಕ್ಕಿಗೆಲ್ಲಿಯ ಸಂಯಮ’ ಎಂದು ಪುಸ್ತಕ ಮುಚ್ಚಬಹುದಿತ್ತು. ಆದರೆ ಅವರಿಬ್ಬರು ಒಂದು ಹೆಜ್ಜೆ ಹಿಂದೆ ಇಟ್ಟು, ಆಯ್ಕೆಗೂ ಮೊದಲು ಇನ್ನೊಂದು ಆಯ್ಕೆ ಸೇರಿಸಿದರು. ಈಗ ಮೊದಲು ಬರುವ ಎರಡು ಗುಂಡಿಗಳಲ್ಲಿ ಒಂದನ್ನು ಕುಕ್ಕಿದರೆ ಸ್ವಲ್ಪ ಹೊತ್ತಿನ ಬಳಿಕ ಹಳೆಯ ಎರಡು ದಾರಿಗಳೂ ತೆರೆದುಕೊಳ್ಳುತ್ತವೆ. ಇನ್ನೊಂದನ್ನು ಕುಕ್ಕಿದರೆ, ಅಷ್ಟೇ ಹೊತ್ತಿನ ಬಳಿಕ, ದೊಡ್ಡ ಪಾಲಿನ ದಾರಿಯೊಂದೇ ತೆರೆಯುತ್ತದೆ. ಆಮಿಷದ ಗುಂಡಿ ಬೆಳಗುವುದೇ ಇಲ್ಲ.

ನಡುವಿನ ಹೊತ್ತು ತೀರಾ ಚಿಕ್ಕದಾಗಿದ್ದಾಗ ಪಾರಿವಾಳ ಎರಡೂ ದಾರಿ ಇರುವ ಕಡೆಗೇ ಹೋಗಿ ಚಿಕ್ಕ ಪಾಲಿಗೇ ಬಾಯಿ ಹಾಕಿತು. ಆ ಹೊತ್ತನ್ನು ಉದ್ದ ಮಾಡುತ್ತ ಹೋದಾಗ ಮಗ್ಗುಲು ಬದಲಾಯಿತು! ಆಮಿಷ ಇನ್ನೂ ಕೆಲವು ಸೆಕೆಂಡು ದೂರವಿರುವಾಗ ಪಾರಿವಾಳ, ಆಮಿಷವೇ ಬಾರದಂತೆ ಮಾಡುವ ಗುಂಡಿಯನ್ನು ಕುಕ್ಕತೊಡಗಿತು. ಆ ಕ್ಷಣ ಬಂದರೆ ತಡೆದುಕೊಳ್ಳಲಾರದ ಹಕ್ಕಿ, ಆ ಕ್ಷಣ ಬರುವ ಮುನ್ನವೇ ತನ್ನ ದಾರಿಗೆ ತಾನೇ ಬೇಲಿ ಹಾಕಿಕೊಂಡಿತು.

ಎರಡು ವರ್ಷದ ಬಳಿಕ ಜಾರ್ಜ್ ಏನ್ಸ್‌ಲಿ ಇದನ್ನು ಇನ್ನೂ ಬಿಗಿ ಮಾಡಿದರು. ಅವರ ಪಾರಿವಾಳಗಳಲ್ಲಿ ಹೆಚ್ಚಿನವು ಆಮಿಷದ ಗುಂಡಿಯನ್ನು ಶೇ. 95ಕ್ಕೂ ಹೆಚ್ಚು ಸಲ ಕುಕ್ಕಿಯೇ ಕುಕ್ಕಿದವು. ಆದರೆ ಆ ಗುಂಡಿ ಬರದಂತೆ ಮಾಡಬಲ್ಲ ಬೇರೆ ಬಣ್ಣದ ಗುಂಡಿಯೊಂದನ್ನು ಮೊದಲೇ ಒದಗಿಸಿದಾಗ, 10 ಪಾರಿವಾಳಗಳಲ್ಲಿ 3 ಅದನ್ನು ತಪ್ಪದೆ ಕುಕ್ಕಿದವು. ಬಣ್ಣ ಇಷ್ಟವಾಗಿ ಕುಕ್ಕಿರಬಹುದೇ? ಆ ಗುಂಡಿಗಿದ್ದ ತಡೆಯುವ ಶಕ್ತಿಯನ್ನು ತೆಗೆದುಬಿಟ್ಟಾಗ ಅವು ಅದನ್ನು ಮುಟ್ಟಲೇ ಇಲ್ಲ. ಹತ್ತರಲ್ಲಿ ಮೂರು ಎನ್ನುವುದು ಕೆಲವರಿಗೆ ಸಣ್ಣ ಸಂಖ್ಯೆ ಅನ್ನಿಸೀತು. ನನಗೆ ಆ ಮೂರು ಹಕ್ಕಿಗಳು ಮನಶ್ಶಾಸ್ತ್ರದ ಅತಿ ದೊಡ್ಡ ಸಾಕ್ಷಿಗಳ ಸಾಲಿನಲ್ಲಿ ಕಾಣುತ್ತವೆ.

ಯಾಕೆ ಹೀಗೆ? ಉತ್ತರ ಒಂದು ಪುಟ್ಟ ಭಾಗಾಕಾರದಲ್ಲಿದೆ. ರಿಚರ್ಡ್ ಹೆರ್ನ್‌ಸ್ಟೈನ್ ಹಾರ್ವರ್ಡ್‌ನಲ್ಲಿ ಪಾರಿವಾಳಗಳ ಆಯ್ಕೆಯ ನಿಯಮ ಕಂಡುಕೊಂಡ ದಾರಿಯಲ್ಲೇ ಮುಂದೆ ಸಾಗಿ, ಜೇಮ್ಸ್ ಮೇಜರ್ 1987ರಲ್ಲಿ ಇದಕ್ಕೆ ಸ್ಪಷ್ಟ ರೂಪ ಕೊಟ್ಟರು. ಬರಲಿರುವ ಫಲದ ಗಾತ್ರವನ್ನು, ಕಾಯಬೇಕಾದ ಹೊತ್ತಿಗೆ ಒಂದು ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸಿ. ಮನಸ್ಸಿನಲ್ಲಿ ಅದಕ್ಕಿರುವ ಬೆಲೆ ಅಷ್ಟು. (ಪ್ರಾಣಿಯಿಂದ ಪ್ರಾಣಿಗೆ ಬದಲಾಗುವ ಆತುರದ ಅಳತೆಯೊಂದು ಹೊತ್ತಿನ ಜೊತೆ ಗುಣಿಸಿಕೊಳ್ಳುತ್ತದೆ, ಸದ್ಯಕ್ಕೆ ಅದು 1 ಎಂದಿಟ್ಟುಕೊಳ್ಳೋಣ.) ಪಾರಿವಾಳದ ಎದುರಿಗಿರುವ 2 ಸೆಕೆಂಡಿನ ಕಾಳಿಗೆ ಕಾಯುವ ಹೊತ್ತು ಸೊನ್ನೆ, ಹಾಗಾಗಿ ಬೆಲೆ 2. ನಾಲ್ಕು ಸೆಕೆಂಡು ಆಚೆಯಿರುವ 4ರ ಬೆಲೆ 4 ಭಾಗಿಸು 5, ಅಂದರೆ 0.8. ಚಿಕ್ಕದೇ ಗೆದ್ದಿತು. ಈಗ ಎರಡನ್ನೂ ಇನ್ನೂ 10 ಸೆಕೆಂಡು ದೂರ ತಳ್ಳಿ. ಚಿಕ್ಕದರ ಬೆಲೆ 2 ಭಾಗಿಸು 11, ಸುಮಾರು 0.18. ದೊಡ್ಡದರದು 4 ಭಾಗಿಸು 15, ಸುಮಾರು 0.27. ದೊಡ್ಡದು ಗೆದ್ದಿತು! ಕಾಳು ಅದೇ, ಹಕ್ಕಿ ಅದೇ. ನಿಂತ ಜಾಗ ಮಾತ್ರ ಬೇರೆ. ಬ್ಯಾಂಕಿನ ಚಕ್ರಬಡ್ಡಿಯ ಲೆಕ್ಕದಲ್ಲಿ ಇಂಥ ತಲೆಕೆಳಗು ಆಗುವುದೇ ಇಲ್ಲ, ಅಲ್ಲಿ ಹತ್ತಿರದಲ್ಲಿ ಗೆದ್ದದ್ದು ದೂರದಲ್ಲೂ ಗೆಲ್ಲುತ್ತದೆ. ಪ್ರಾಣಿಯ ಮನಸ್ಸು ಬ್ಯಾಂಕಿನ ಲೆಕ್ಕ ಹಾಕುವುದಿಲ್ಲ. ಮನುಷ್ಯರನ್ನು ಕೂರಿಸಿ ಅಳೆದಾಗಲೂ ಸಿಕ್ಕಿದ್ದು ಇದೇ ಬಗೆಯ ಬಾಗಿದ ಗೆರೆ. ರಾತ್ರಿ ಮಲಗುವಾಗ ಬೆಳಗಿನ ಐದಕ್ಕೆ ಏಳುತ್ತೇನೆಂದು ಪ್ರಾಮಾಣಿಕವಾಗಿ ನಿರ್ಧರಿಸಿದವರೂ, ಐದಕ್ಕೆ ಅಲಾರಂ ಆರಿಸಿ ಮಗುಚಿ ಮಲಗಿದವರೂ ಒಬ್ಬರೇ. ಎರಡು ಹೊತ್ತಿನಲ್ಲೂ ಅವರು ಸುಳ್ಳಾಡಿಲ್ಲ. ಅಲಾರಂ ಗಡಿಯಾರವನ್ನು ಕೈಗೆ ಸಿಗದ ಅಲಮಾರಿನ ಮೇಲೆ ಇಟ್ಟು ಮಲಗಿದವರು ಏನ್ಸ್‌ಲಿಯ ಆ ಮೂರು ಪಾರಿವಾಳಗಳ ಪಂಗಡದವರು.

ನಾವು ಸಂಯಮವನ್ನು ಎಷ್ಟು ಕಾಲದಿಂದ ಶೀಲದ ಮಾತಾಗಿ ನೋಡುತ್ತಿದ್ದೇವೆ! ಗಟ್ಟಿ ಮನಸ್ಸಿನವರು ತಡೆದರು, ದುರ್ಬಲರು ಸೋತರು ಎನ್ನುವ ತೀರ್ಪು ಮನೆಮನೆಯಲ್ಲೂ ಇದೆ. ಹಕ್ಕಿಗಳು ತೋರಿಸುತ್ತಿರುವುದು ಬೇರೆಯದನ್ನು. ಆಮಿಷದ ಎದುರು ನಿಂತು ಗೆಲ್ಲುವ ಬಲ ಬಹುಶಃ ಯಾರಲ್ಲೂ ಹೆಚ್ಚಿಲ್ಲ. ಗೆಲ್ಲುವವರು ಎದುರು ನಿಲ್ಲದೆ ಇರುವ ಕಸುಬು ಬಲ್ಲವರು. 1981ರಲ್ಲಿ ಅಮೆರಿಕದ ರೀಡ್ ಕಾಲೇಜಿನ ಗ್ರೋಶ್ ಮತ್ತು ನ್ಯೂರಿಂಗರ್ ಮಿಶೆಲ್‌ರ ಮಕ್ಕಳ ಪ್ರಯೋಗವನ್ನೇ ಪಾರಿವಾಳಗಳ ಮೇಲೆ ಮಾಡಿ ನೋಡಿದರು. ಕಾಳು ಕಣ್ಣಿಗೆ ಕಾಣುತ್ತಿದ್ದರೆ ಪಾರಿವಾಳ ಬೇಗ ಸೋತಿತು, ಮರೆಮಾಡಿದರೆ ಹೆಚ್ಚು ಹೊತ್ತು ಕಾಯಿತು. ಪೆಟ್ಟಿಗೆಯ ಹಿಂಬದಿಯಲ್ಲಿ ಕುಕ್ಕಲು ಇನ್ನೊಂದು ಗುಂಡಿ ಕೊಟ್ಟರೆ, ಅಂದರೆ ಮಾಡಲು ಬೇರೇನಾದರೂ ಕೆಲಸ ಕೊಟ್ಟರೆ, ಇನ್ನೂ ಚೆನ್ನಾಗಿ ಕಾಯಿತು. ಅಟ್ಲಾಂಟಾದಲ್ಲಿ ಮೈಕಲ್ ಬೆರನ್ ಮತ್ತು ಥಿಯೊಡೋರ್ ಇವಾನ್ಸ್ ಅವರ ಚಿಂಪಾಂಜಿಗಳು, ಕೈ ಹಾಕಿದರೆ ನಿಂತುಹೋಗುವಂತೆ ಬಟ್ಟಲಲ್ಲಿ ಒಂದೊಂದಾಗಿ ಮಿಠಾಯಿ ಕೂಡುತ್ತಿರುವಾಗ, ಆಟಿಕೆಗಳಲ್ಲಿ ಮುಳುಗಿರುತ್ತಿದ್ದವು. ಮಿಠಾಯಿ ಕೈಗೆ ಎಟುಕದಂತಿದ್ದಾಗ ಆಟಿಕೆಯ ಮೇಲೆ ಅಷ್ಟು ಆಸಕ್ತಿ ಇರಲಿಲ್ಲ. ಎಟುಕುವಂತಿದ್ದಾಗಲೇ ಹೆಚ್ಚು ಆಟ. ಮನಸ್ಸನ್ನು ಬೇರೆಡೆಗೆ ಹರಿಸಬೇಕಾದ ಹೊತ್ತು ಯಾವುದೆಂದು ಅವಕ್ಕೆ ಗೊತ್ತಿತ್ತು!

ಆದರೂ ಕೆಲವರಿಗೆ ಈ ಕಸುಬು ಉಳಿದವರಿಗಿಂತ ಎಷ್ಟೋ ಕಷ್ಟ, ಮತ್ತು ಅದರ ಬೇರು ಮಿದುಳಿನ ಆಳದಲ್ಲಿದೆ. ಇದನ್ನು ಹೇಳಿಕೊಟ್ಟದ್ದು ಇಲಿಗಳು. ಕೇಂಬ್ರಿಜ್‌ನಲ್ಲಿ ಟ್ರೆವರ್ ರಾಬಿನ್ಸ್, ಬ್ಯಾರಿ ಎವೆರಿಟ್, ಜೆಫ್ ಡ್ಯಾಲಿ ಅವರ ತಂಡ ಬಳಸಿದ ಪೆಟ್ಟಿಗೆಯಲ್ಲಿ ಐದು ತೂತುಗಳಿವೆ. ಯಾವುದೋ ಒಂದರಲ್ಲಿ ದೀಪ ಮಿನುಗುತ್ತದೆ, ಆಗ ಅದಕ್ಕೆ ಮೂತಿ ಚುಚ್ಚಿದರೆ ತಿಂಡಿ. ದೀಪ ಹತ್ತುವ ಮೊದಲೇ ಚುಚ್ಚಿದರೆ ತಿಂಡಿಯಿಲ್ಲ, ಕತ್ತಲು. ಒಂದೇ ತಳಿಯ ಇಲಿಗಳಲ್ಲೂ ಕೆಲವು ಪದೇಪದೇ ಆತುರಪಟ್ಟು ಚುಚ್ಚುತ್ತವೆ. 2007ರಲ್ಲಿ ಈ ಆತುರದ ಇಲಿಗಳ ಮಿದುಳನ್ನು ಪೆಟ್ ಸ್ಕ್ಯಾನ್ ಮಾಡಿ ನೋಡಿದಾಗ, ಸುಖದ ನಿರೀಕ್ಷೆಗೆ ಸ್ಪಂದಿಸುವ ನ್ಯೂಕ್ಲಿಯಸ್ ಅಕಂಬೆನ್ಸ್ ಭಾಗದಲ್ಲಿ ಡೋಪಮಿನ್ ಹಿಡಿಯುವ ಒಂದು ಬಗೆಯ ಗ್ರಾಹಕಗಳು ಕಡಿಮೆ ಇದ್ದವು. ಆಮೇಲೆ ಕೊಕೇನ್ ದೊರಕುವಂತೆ ಮಾಡಿದಾಗ ಅದೇ ಇಲಿಗಳು ಉಳಿದವಕ್ಕಿಂತ ಹೆಚ್ಚು ಹೆಚ್ಚು ತೆಗೆದುಕೊಂಡವು. ಮರುವರ್ಷದ ಇನ್ನೊಂದು ಅಧ್ಯಯನದಲ್ಲಿ, ನೋವಾಗುತ್ತಿದ್ದರೂ ಬಿಡದಂಥ ಚಟಕ್ಕೆ ಬಿದ್ದವೂ ಇಂಥವೇ.

ಇದರ ಮಹತ್ವ ಎಷ್ಟೆಂದು ನೋಡಿ. ಚಟಕ್ಕೆ ಬಿದ್ದ ಮನುಷ್ಯರ ಮಿದುಳಿನಲ್ಲಿ ಈ ಗ್ರಾಹಕಗಳು ಕಡಿಮೆ ಎನ್ನುವುದು ಮೊದಲೇ ಗೊತ್ತಿತ್ತು. ಅದು ಚಟದ ಕಾರಣವೋ, ಪರಿಣಾಮವೋ? ಮನುಷ್ಯನಲ್ಲಿ ಅದನ್ನು ಬಿಡಿಸುವುದು ಹೇಗೆ, ಅವನು ಆಸ್ಪತ್ರೆಗೆ ಬರುವುದೇ ಚಟ ಹತ್ತಿದ ಮೇಲೆ. ಈ ಇಲಿಗಳನ್ನು ಸ್ಕ್ಯಾನ್ ಮಾಡಿದ್ದು ಅವು ಕೊಕೇನಿನ ಸುಳಿವೂ ಕಾಣದ ಕಾಲದಲ್ಲಿ. ಕೊರತೆ ಮೊದಲೇ ಇತ್ತು! ಕುಡಿತ ಬಿಡಲಾಗದ ಒಬ್ಬನನ್ನು ‘ಮನಸ್ಸು ಮಾಡಿದರೆ ಆಗದ್ದೇನು’ ಎಂದು ಬೈಯುವ ಮುನ್ನ ಆ ಇಲಿಗಳನ್ನು ನೆನೆಯಬೇಕು ಅನ್ನಿಸುತ್ತದೆ ನನಗೆ. ಪಂಜರದಲ್ಲಿ ಹುಟ್ಟಿ ಪಂಜರದಲ್ಲೇ ಮುಗಿದ ಆ ಜೀವಗಳಿಗೆ ನಾವು ಋಣಿಗಳು. ಆ ಋಣವನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಡೋಪಮಿನ್ ಆಯಿತು, ಇನ್ನು ಸೆರೊಟೊನಿನ್. ಜಪಾನಿನ ಓಕಿನಾವಾದಲ್ಲಿ ಕೆಂಜಿ ಡೋಯಾ ಅವರ ಪ್ರಯೋಗಾಲಯದ ಮಿಯಾಝಾಕಿ ಮತ್ತು ಸಂಗಡಿಗರು, ಚಿಟ್ಟಿಲಿಗಳ ಮಿದುಳಿನ ಸೆರೊಟೊನಿನ್ ನರಕೋಶಗಳನ್ನು ಬೆಳಕಿನಿಂದ ಚಾಲೂ ಮಾಡಬಲ್ಲಂತೆ ಮಾಡಿದರು. ಇಲಿ ತೂತಿನಲ್ಲಿ ಮೂತಿಯಿಟ್ಟು ತಿಂಡಿಗೆ ಕಾಯುತ್ತಿರುವಾಗ ಬೆಳಕು ಹಾಯಿಸಿದರೆ ಅದು ಇನ್ನೂ ಹೆಚ್ಚು ಹೊತ್ತು ಕಾಯುತ್ತದೆ. ಒಂದು ಎಳೆ ಬೆಳಕಿನಿಂದ ತಾಳ್ಮೆ! ಇದು 2014ರ ಮಾತು. 2018ರಲ್ಲಿ ಅದೇ ತಂಡ ಕಂಡುಕೊಂಡದ್ದು ಇದಕ್ಕಿಂತ ಬೆರಗಿನದು. ತಿಂಡಿ ಸಿಗುವ ಸಾಧ್ಯತೆ ಶೇ. 75 ಇದ್ದಾಗ ಬೆಳಕು ತಾಳ್ಮೆಯನ್ನು ಹಿಗ್ಗಿಸಿತು. ಸಾಧ್ಯತೆ ಶೇ. 50ಕ್ಕೋ 25ಕ್ಕೋ ಇಳಿದಾಗ ಅದೇ ಬೆಳಕು, ಅದೇ ನರಕೋಶ, ಆದರೆ ತಾಳ್ಮೆ ಹಿಗ್ಗಲೇ ಇಲ್ಲ. ಫಲ ಬಂದೇ ಬರುತ್ತದೆಂಬ ಭರವಸೆ ಇರುವಲ್ಲಿ ಮಾತ್ರ ಸೆರೊಟೊನಿನ್ ಕೆಲಸ ಮಾಡಿತು.

ಇದನ್ನು ಓದಿ, ಅಮೆರಿಕದ ರೋಚೆಸ್ಟರ್‌ನಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗದತ್ತ ತಿರುಗಿದರೆ ಮೈ ಜುಮ್ಮೆನ್ನುತ್ತದೆ. ಅದು 28 ಮಕ್ಕಳೊಡನೆ ಮಾಡಿದ ಮಿಠಾಯಿಯ ಪರೀಕ್ಷೆ, ಮೊದಲಿಗೆ ಒಂದು ಸಣ್ಣ ತಯಾರಿಯೊಂದಿಗೆ. ಚಿತ್ರ ಬರೆಯಲು ಒಳ್ಳೆಯ ಬಣ್ಣದ ಕಡ್ಡಿ ತರುತ್ತೇನೆಂದು ಹೇಳಿಹೋದ ದೊಡ್ಡವರು ಅರ್ಧದಷ್ಟು ಮಕ್ಕಳಿಗೆ ನಿಜಕ್ಕೂ ತಂದುಕೊಟ್ಟರು, ಉಳಿದವರ ಬಳಿಗೆ ಬರಿಗೈಯಲ್ಲಿ ಹಿಂದಿರುಗಿದರು. ಆಮೇಲೆ ಮಿಠಾಯಿ. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರನ್ನು ಕಂಡ ಮಕ್ಕಳು 3 ನಿಮಿಷ. ಓಕಿನಾವಾದ ಇಲಿಯ ಮಿದುಳೂ ರೋಚೆಸ್ಟರಿನ ಮಗುವಿನ ಮನಸ್ಸೂ ಕೇಳುತ್ತಿರುವ ಪ್ರಶ್ನೆ ಒಂದೇ: ಕೊಡುತ್ತೇನೆಂದವರು ಕೊಡುತ್ತಾರೆಯೇ? ಕೊಡುವುದಿಲ್ಲವೆಂದು ಅನುಭವದಿಂದ ಕಲಿತವರು ಸಿಕ್ಕಿದ್ದನ್ನು ಕೂಡಲೇ ತಿಂದರೆ ಅದನ್ನು ದೌರ್ಬಲ್ಯ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಬಡತನದಲ್ಲಿ ಬೆಳೆದ ಮಕ್ಕಳ ಆತುರದ ಬಗ್ಗೆ ತೀರ್ಪು ಕೊಡುವವರೆಲ್ಲ ಈ ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು.

ಹಾಗಾದರೆ ತಾಳ್ಮೆಯನ್ನು ಕಲಿಸಬಹುದೇ? ಇಲ್ಲಿ ಮತ್ತೆ ಜೇಮ್ಸ್ ಮೇಜರ್ ಬರುತ್ತಾರೆ, ಜೊತೆಗೆ ಅಲೆಕ್ಸಾಂಡ್ರಾ ಲೋಗ್. 1978ರಲ್ಲಿ ಅವರು ಆತುರದ ಪಾರಿವಾಳಗಳಿಗೆ ಪಾಠ ಹೇಳಲು ಹೊರಟರು. ಸಾಮಾನ್ಯವಾಗಿ ನಮಗೆ ತೋಚುವ ದಾರಿ, ಮೊದಲು ಸ್ವಲ್ಪ ಹೊತ್ತು ಕಾಯಿಸಿ ಆಮೇಲೆ ಹೆಚ್ಚಿಸುತ್ತ ಹೋಗುವುದು. ಅವರು ಹಾಗೆ ಮಾಡಲಿಲ್ಲ. ಶುರುವಿನಲ್ಲಿ ಚಿಕ್ಕ ಪಾಲನ್ನೂ ದೊಡ್ಡ ಪಾಲನ್ನೂ ಒಂದೇ ದೂರದಲ್ಲಿಟ್ಟರು, ಎರಡಕ್ಕೂ 6 ಸೆಕೆಂಡು ಕಾಯಬೇಕು. ಹಾಗಿದ್ದಾಗ ಯಾವ ಪಾರಿವಾಳವೂ ದೊಡ್ಡದನ್ನೇ ಆರಿಸುತ್ತದೆ. ಅದು ಆರಿಸುತ್ತಿರುವಂತೆಯೇ, ಸರದಿಯ ಮೇಲೆ ಸರದಿ, ಚಿಕ್ಕ ಪಾಲನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಹತ್ತಿರಕ್ಕೆ ತಂದರು. ತಿಂಗಳುಗಟ್ಟಲೆ ನಡೆದ ಆ ಪಾಠದ ಕೊನೆಗೆ ಚಿಕ್ಕ ಪಾಲು ಕೊಕ್ಕಿನ ಬುಡದಲ್ಲೇ ಬಂದು ನಿಂತರೂ, ಪಾಠವಿಲ್ಲದ ಪಾರಿವಾಳಗಳಿಗಿಂತ ಎಷ್ಟೋ ಹೆಚ್ಚು ಸಲ ಈ ಪಾರಿವಾಳಗಳು 6 ಸೆಕೆಂಡಿನಾಚೆಯ ದೊಡ್ಡದನ್ನೇ ಕುಕ್ಕಿದವು. ಕಾಯುವುದರಲ್ಲಿ ಅವಕ್ಕೆ ಹೊಸದೇನೂ ಇರಲಿಲ್ಲ, ಮೊದಲ ದಿನದಿಂದಲೂ ಅವು ಕಾದದ್ದು ಅದೇ 6 ಸೆಕೆಂಡು. ಪಳಗಿದ್ದು ಆಮಿಷದ ಜೊತೆಗೆ. ಪಾಠ ನಿಂತು ತಿಂಗಳುಗಳಾದ ಮೇಲೆ ಮತ್ತೆ ಪರೀಕ್ಷಿಸಿದಾಗಲೂ ಅವು ಅದನ್ನು ಮರೆತಿರಲಿಲ್ಲ. ಕ್ಯಾನ್ಸಸ್‌ನಲ್ಲಿ ಕಿಂಬರ್ಲಿ ಕರ್ಕ್‌ಪ್ಯಾಟ್ರಿಕ್ ಅವರ ಇಲಿಗಳು ಕಾಯುವ ಹೊತ್ತಿನ ಅಭ್ಯಾಸದಿಂದಲೇ ಆತುರ ಕಳೆದುಕೊಂಡಿವೆ. ಹೊತ್ತು ಎಷ್ಟು ಕಳೆಯಿತೆಂಬ ಅಂದಾಜು ಚುರುಕಾದಂತೆ ಅವು ಕಾಯುವುದೂ ಹೆಚ್ಚಿತು. ಒಂದೇ ಗುರಿಗೆ ಎರಡು ಬೇರೆಬೇರೆ ದಾರಿಗಳು, ಎರಡೂ ತೆರೆದಿವೆ. ಶಾಲೆಗಳಲ್ಲಿ, ವ್ಯಸನಮುಕ್ತಿ ಕೇಂದ್ರಗಳಲ್ಲಿ ಯಾವ ದಾರಿ ಯಾರಿಗೆ ಒದಗೀತು ಎಂದು ನೋಡುವ ಕೆಲಸಕ್ಕೆ ಈಗ ಕೈ ಹಾಕಬೇಕು.